ಅಕ್ಕನ ಮಗನ ತಲೆಗೂದಲು: ಎರಡೂವರೆ ವರ್ಷದ ಒಂದು ಪ್ರಕರಣ

ತುಮಕೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 22 ವರ್ಷದಿಂದ ನಡೆಸುತ್ತಿದ್ದೇನೆ. ಕೂದಲು ಉದುರುತ್ತೆ ಅಂತ ಬರುವ ಗಂಡು ಹುಡುಗರು ಹೆಚ್ಚಾಗಿ ಅಂಗಡಿ ಖಾಲಿ ಆಗುವವರೆಗೆ ಕಾಯುತ್ತಾರೆ. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಒಂದು ಜ್ವರದ ಮಾತ್ರೆ ಕೇಳಿ ತಗೊಂಡು ಹೊರಟುಬಿಡುತ್ತಾರೆ. ಸಕ್ಕರೆ ಕಾಯಿಲೆ ಬಗ್ಗೆ ಜೋರಾಗಿ ಮಾತಾಡುವ ಜನ, ಕೂದಲಿನ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಆ ಸಂಕೋಚವೇ ಅವರನ್ನು ತಪ್ಪು ಜಾಗಕ್ಕೆ ಕರೆದುಕೊಂಡು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಈ ಪ್ರಕರಣ ನನ್ನ ಅಕ್ಕನ ಮಗನದು. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಮಾತ್ರ ಹಾಕ್ಬೇಡಿ ಮಾಮ" ಅಂದ, ಹಾಕಿಲ್ಲ. ಕೌಂಟರಿನಲ್ಲಿ ನನಗೆ ಜನ ಕೇಳುವ ಅನುಮಾನಗಳೆಲ್ಲ ಇವನೊಬ್ಬನಿಗೇ ಒಂದಾದ ಮೇಲೆ ಒಂದು ಬಂದವು. ಯಾವ ದಿನ ಏನಾಯಿತು ಅಂತ ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೆ. ಅದರಿಂದಲೇ ಇದನ್ನು ಪೂರ್ತಿಯಾಗಿ ಹೇಳುತ್ತೇನೆ.

ಸಹಿ ಇಲ್ಲದ ಚೀಟಿ

2022ರ ನವೆಂಬರ್, ಒಂದು ಭಾನುವಾರ ಮಧ್ಯಾಹ್ನ. ಅರ್ಧ ಷಟರ್ ಎಳೆದು ಊಟಕ್ಕೆ ಹೊರಟಿದ್ದೆ. ಅವನು ಬಂದ. ಆಗ ಅವನಿಗೆ 26 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮಾರತ್ತಹಳ್ಳಿ ಕಡೆ ಪಿ.ಜಿ.ಯಲ್ಲಿ ವಾಸ. ತಲೆ ಮೇಲಿನ ಟೋಪಿ ತೆಗೆಯದೆ ಸ್ಟೂಲಿನ ಮೇಲೆ ಕೂತು ಒಂದು ಚೀಟಿ ಮುಂದೆ ಚಾಚಿದ. "ಈ ಮಾತ್ರೆಗಳು ಬೇಕಿತ್ತು ಮಾಮ."

ಆಂಟಿಬಯಾಟಿಕ್, ನೋವಿನ ಮಾತ್ರೆ, ಊತ ಇಳಿಯುವ ಮಾತ್ರೆ. ಮೇಲೆ ಚೆಂದದ ಬಣ್ಣದ ಲೋಗೋ. ಕೆಳಗೆ ಡಾಕ್ಟರ ಹೆಸರಿಲ್ಲ, ಸಹಿ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಔಷಧಿ ಅಂಗಡಿಯವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಇದು ಯಾರು ಬರೆದದ್ದು ಅಂದೆ. ಆಮೇಲೆ ನಿಧಾನಕ್ಕೆ ಎಲ್ಲಾ ಹೊರಗೆ ಬಂತು. ಮುಂದಿನ ಶನಿವಾರ ಕೂದಲು ಕಸಿ. 3000 ಗ್ರಾಫ್ಟ್ (ಹಿಂದಲೆಯಿಂದ ಕಿತ್ತು ಮುಂದೆ ನೆಡುವ ಕೂದಲಿನ ಬುಡ), 60 ಸಾವಿರ ರೂಪಾಯಿ, ಇಎಂಐ ಉಂಟು. ಆ ವಾರದೊಳಗೆ ಬುಕ್ ಮಾಡಿದರೆ ರಿಯಾಯಿತಿ. 10 ಸಾವಿರ ಅಡ್ವಾನ್ಸ್ ಆಗಲೇ ಕಟ್ಟಿದ್ದ. ಅಕ್ಕನಿಗೆ ಗೊತ್ತಿರಲಿಲ್ಲ.

ಆಪರೇಷನ್ ಮಾಡುವವರು ಯಾರು ಅಂತ ಕೇಳಿದರೆ ಅವನಿಗೆ ಗೊತ್ತಿಲ್ಲ. "ಒಬ್ಬರು ಮೇಡಂ ಮಾತಾಡಿದ್ರು, ಕನ್ಸಲ್ಟೆಂಟ್ ಅಂತ. ನಮ್ಮ ಟೀಮ್ ಮಾಡುತ್ತೆ ಅಂದ್ರು." ತಲೆಯನ್ನು ಲೆನ್ಸ್ ಇಟ್ಟು ನೋಡಿದರಾ? ಇಲ್ಲ. ರಕ್ತಪರೀಕ್ಷೆ? ಆ ದಿನವೇ ಮಾಡ್ತಾರಂತೆ. ಹಣೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ತೆಗೆದ ಫೋಟೋ ಅವನ ಫೋನಿನಲ್ಲಿತ್ತು. ಹುಬ್ಬಿನಿಂದ ನಾಲ್ಕು ಬೆರಳು ಮೇಲೆ, ಸ್ಕೇಲ್ ಇಟ್ಟ ಹಾಗೆ ನೇರ ಗೆರೆ. ಹೈಸ್ಕೂಲ್ ಹುಡುಗನಿಗೆ ಇರುವಂಥ ಹಣೆ. ಅದನ್ನು ಅವನು ದಿನಕ್ಕೆ ಎಷ್ಟು ಸಲ ತೆಗೆದು ನೋಡಿಕೊಳ್ಳುತ್ತಿದ್ದನೋ, ಪಾಪ.

ಆ ವರ್ಷ ಸೆಪ್ಟೆಂಬರಿನಲ್ಲಷ್ಟೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಕೂದಲು ಕಸಿಯನ್ನು ಅದಕ್ಕೆ ಸರಿಯಾದ ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್ ಅಥವಾ ಚರ್ಮರೋಗ ತಜ್ಞರು ಮಾಡಬೇಕು, ವರ್ಕ್‌ಶಾಪಿನಲ್ಲಿ ಕೂತು, ಯೂಟ್ಯೂಬ್ ನೋಡಿ ಕಲಿತರೆ ಸಾಲದು ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಇಂಥ ಮಾತು ಬರೆಯಬೇಕಾಗಿ ಬಂದದ್ದಕ್ಕೆ ಕಾರಣ ಇದೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿ ಮಾಡಿಸಿಕೊಂಡ ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ. ಆ ಜಾಗಕ್ಕೆ ಇದ್ದದ್ದು ಸಲೂನ್ ಪರವಾನಗಿ ಅಂತ ಆಗ ಪತ್ರಿಕೆಗಳಲ್ಲಿ ಬಂತು. 2019ರಲ್ಲಿ ಮುಂಬೈನಲ್ಲಿ ಕಸಿ ಮಾಡಿಸಿಕೊಂಡ ಒಬ್ಬ ವ್ಯಾಪಾರಿಯೂ ತೀರಿಕೊಂಡರು. ಚರ್ಮ ಮರಗಟ್ಟಿಸುವ ಇಂಜೆಕ್ಷನ್ನಿಗೂ ಒಂದು ಮಿತಿ ಇದೆ, ಮೈತೂಕ ನೋಡಿ ಲೆಕ್ಕ ಹಾಕಬೇಕು. ಅಲರ್ಜಿ ಆದರೆ ನಿಮಿಷಗಳಲ್ಲಿ ಕೈ ಮೀರುತ್ತದೆ. ಆಗ ಪಕ್ಕದಲ್ಲಿ ಡಾಕ್ಟರು ಇರಲೇಬೇಕು. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ಯಾವುದೇ ಇರಲಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಪ್ರಕಾರ ನೋಂದಣಿ ಆಗಿರಬೇಕು, ಆ ಪ್ರಮಾಣಪತ್ರವನ್ನು ಕಾಣುವ ಹಾಗೆ ಹಾಕಿರಬೇಕು. ಅವನು ಹೋದ ಜಾಗದಲ್ಲಿ ಗೋಡೆ ತುಂಬ ಮೊದಲು-ಆಮೇಲೆ ಫೋಟೋಗಳಿದ್ದವಂತೆ. ಪ್ರಮಾಣಪತ್ರ ನೋಡಿದ ನೆನಪಿಲ್ಲ ಅಂದ.

ಟೋಪಿ ತೆಗಿಯೋ ಅಂದೆ. ತೆಗೆದ. ಎರಡೂ ಕಡೆ ಹಣೆ ಒಳಕ್ಕೆ ಸರಿದಿತ್ತು, ಸುಳಿ ಹತ್ತಿರ ನೆತ್ತಿ ಕಾಣುತ್ತಿತ್ತು. ಅದು ನಾನು ಅಂದುಕೊಂಡಿದ್ದೇ. ಆದರೆ ಕಿವಿ ಮೇಲಿನ ಕೂದಲೂ ತೆಳ್ಳಗಾಗಿತ್ತು. ಬೆರಳು ಹಾಕಿ ಮೆಲ್ಲಗೆ ಎಳೆದರೆ ಏಳೆಂಟು ಎಳೆ ಕೈಗೆ ಬಂತು. ಗಂಡಸರ ಮಾಮೂಲಿ ಬೊಕ್ಕತಲೆಯಲ್ಲಿ ಪಕ್ಕದ ಕೂದಲು ಹಾಗೆ ಬರುವುದಿಲ್ಲ. ಇತ್ತೀಚೆಗೆ ಜ್ವರ ಏನಾದರೂ ಬಂದಿತ್ತಾ ಅಂತ ಕೇಳಿದೆ. ಆಗಸ್ಟಿನಲ್ಲಿ ಡೆಂಗೆ ಆಗಿತ್ತಲ್ಲ ಮಾಮ ಅಂದ. ನಾನೇ ಪಪ್ಪಾಯಿ, ಎಳನೀರು ತಗೊಂಡು ಹೋಗಿದ್ದೆ, ಮರೆತೇ ಹೋಗಿತ್ತು.

ಎರಡು ಕಾರಣ, ಒಂದೇ ತಲೆ

ಮಾರನೇ ದಿನ ರಜೆ ಹಾಕಿಸಿ ಇಲ್ಲಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ಮುಂದೆ, ನೆತ್ತಿ, ಹಿಂದೆ ಮೂರೂ ಕಡೆ ನೋಡಿ ಅವನಿಗೇ ಪರದೆ ಮೇಲೆ ತೋರಿಸಿದರು. ಹಿಂದೆ ಎಲ್ಲಾ ಕೂದಲೂ ಒಂದೇ ದಪ್ಪ. ಮುಂದೆ ಒಂದು ದಪ್ಪ, ಪಕ್ಕದ್ದು ಅದರ ಅರ್ಧ, ಇನ್ನೊಂದು ಹತ್ತಿ ನೂಲಿನ ಹಾಗೆ. ಹೀಗೆ ದಪ್ಪದಲ್ಲಿ ಹೆಚ್ಚುಕಮ್ಮಿ ಇದ್ದರೆ ಅದು ವಂಶವಾಹಿ ಬೊಕ್ಕತಲೆಯ ಗುರುತು. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಒಂದು ಕಿಣ್ವದಿಂದಾಗಿ ಡಿಎಚ್‌ಟಿ ಆಗಿ ಬದಲಾಗುತ್ತದೆ. ಮುಂದಲೆ, ನೆತ್ತಿಯ ಕೂದಲ ಬೇರಿಗೆ ಆ ಡಿಎಚ್‌ಟಿ ಆಗಿಬರುವುದಿಲ್ಲ. ಒಂದು ಸಲ ಉದುರಿ ಮತ್ತೆ ಹುಟ್ಟುವಾಗ ಬೇರು ಮೊದಲಿಗಿಂತ ಸಣ್ಣದಾಗಿ ಹುಟ್ಟುತ್ತದೆ, ಮತ್ತೊಂದು ಸಲ ಇನ್ನೂ ಸಣ್ಣದು. ಹಿಂಭಾಗದ ಬೇರು ಇದಕ್ಕೆ ಜಗ್ಗುವುದಿಲ್ಲ.

ಎರಡನೆಯದು ಡೆಂಗೆ ಕೊಟ್ಟ ಪೆಟ್ಟು. ಡೆಂಗೆ, ಟೈಫಾಯ್ಡ್, ಕೋವಿಡ್‌ನಂಥ ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಕಂತೆ ಕಂತೆಯಾಗಿ ಉದುರುತ್ತದೆ. ತಲೆ ಪೂರ್ತಿ ಉದುರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಈ ಹುಡುಗ ಹೆದರಿ ಅಡ್ವಾನ್ಸ್ ಕಟ್ಟಿದ್ದು ಈ ಎರಡನೇ ಉದುರುವಿಕೆ ನೋಡಿ. ಅದಕ್ಕೆ ಆಪರೇಷನ್ನಿನ ಅಗತ್ಯವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಹಿಂದಿನಿಂದ ಕೂದಲು ಕಿತ್ತು ಮುಂದೆ ನೆಟ್ಟಿದ್ದರೆ ಹಿಂದೆ ಎಷ್ಟು ಗಟ್ಟಿ ಬೇರು ಇದೆ ಅನ್ನುವ ಅಂದಾಜೇ ತಪ್ಪಿರುತ್ತಿತ್ತು. ಇದನ್ನು ಕೇಳಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಜ್ವರ ಬಂದಿತ್ತಾ ಅನ್ನುವ ಒಂದು ಪ್ರಶ್ನೆಯನ್ನೂ ಅಲ್ಲಿ ಯಾರೂ ಕೇಳಿರಲಿಲ್ಲ.

ಡಾಕ್ಟರು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್, ಬಿ12, ವಿಟಮಿನ್ ಡಿ ಪರೀಕ್ಷೆ ಬರೆದರು. ಅದಕ್ಕೂ ಮುಂಚೆ ಇಲ್ಲಿಯವರೆಗೆ ಏನೇನು ಹಚ್ಚಿದೆ, ಏನೇನು ನುಂಗಿದೆ ಅಂತ ಕೇಳಿದರು. ಪಟ್ಟಿ ಉದ್ದ ಇತ್ತು. ಬೆಂಗಳೂರಿನ ಬೋರ್‌ವೆಲ್ ನೀರಿನಿಂದ ಅಂತ ಒಂದು ವರ್ಷ ಬಿಸ್ಲೆರಿ ಕ್ಯಾನಿನ ನೀರಲ್ಲಿ ತಲೆಸ್ನಾನ. ಹೆಲ್ಮೆಟ್‌ನಿಂದ ಅಂತ ಬೈಕ್ ಬಿಟ್ಟು ಬಸ್ಸು. ಈರುಳ್ಳಿ ರಸ. ಆನ್‌ಲೈನ್‌ನಲ್ಲಿ ತರಿಸಿದ ಆದಿವಾಸಿ ಹೇರ್ ಆಯಿಲ್. ಬಯೋಟಿನ್ ಅನ್ನುವ ವಿಟಮಿನ್ನಿನ ಗಮ್ಮಿ. ಡಾಕ್ಟರು ಬೈಯಲಿಲ್ಲ. "ಹಿಂದಿನ ಕೂದಲಿಗೂ ಅದೇ ನೀರು, ಅದೇ ಹೆಲ್ಮೆಟ್ಟು ಅಲ್ವಾ? ಅದ್ಯಾಕೆ ಗಟ್ಟಿಯಾಗಿದೆ?" ಅಂತ ಕೇಳಿದರು, ಅಷ್ಟೇ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಎಳೆ ನಡುವೆ ತುಂಡಾಗಬಹುದು. ಬೇರನ್ನು ಸಣ್ಣ ಮಾಡುವ ಶಕ್ತಿ ಅದಕ್ಕಿಲ್ಲ. ಎಣ್ಣೆ ವಿಷಯವೂ ಹಾಗೇ. ಹುಣಸೂರು ಹತ್ತಿರದ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಆ ಎಣ್ಣೆ ಮಾರಿ ಬದುಕು ಕಟ್ಟಿಕೊಂಡಿದ್ದಾರೆ, ಅವರ ದುಡಿಮೆಗೆ ನನ್ನ ಗೌರವ ಇದೆ. ಎಣ್ಣೆ ಹಚ್ಚಿದರೆ ಕೂದಲು ನುಣುಪಾಗುತ್ತದೆ, ತಲೆ ಹಗುರ ಅನ್ನಿಸುತ್ತದೆ. ಡಿಎಚ್‌ಟಿಯನ್ನು ಅದು ತಡೆಯುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಗಮ್ಮಿಯನ್ನು ರಕ್ತ ಕೊಡುವ ಕೆಲವು ದಿನ ಮುಂಚೆಯೇ ನಿಲ್ಲಿಸಿ ಅಂದರು. ಬಯೋಟಿನ್ ಜಾಸ್ತಿ ಇದ್ದರೆ ಥೈರಾಯ್ಡ್ ವರದಿ ತಪ್ಪು ಬರಬಹುದು. ಹೃದಯಾಘಾತಕ್ಕೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪು ತೋರಿಸಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೂದಲಿಗೆ ಅಂತ ಸುಮ್ನೆ ತಿನ್ನುವ ಚಾಕೊಲೇಟಿನಂಥ ವಸ್ತು ಅದು, ಎಷ್ಟು ಜನಕ್ಕೆ ಇದು ಗೊತ್ತು?

ವರದಿಯಲ್ಲಿ ಥೈರಾಯ್ಡ್ ಸರಿ ಇತ್ತು, ಫೆರಿಟಿನ್ ಕಮ್ಮಿ ಇತ್ತು. ಕಬ್ಬಿಣದ ಮಾತ್ರೆ ಮೂರು ತಿಂಗಳು. ಬೊಕ್ಕತಲೆಗೆ ಹಚ್ಚಲು ಮಿನಾಕ್ಸಿಡಿಲ್, ನುಂಗಲು ಫಿನಾಸ್ಟರೈಡ್ ಮಾತ್ರೆ. ಕಸಿ ಬಗ್ಗೆ ಕನಿಷ್ಠ ಒಂದು ವರ್ಷ ಯೋಚನೆ ಬೇಡ ಅಂದರು.

ಅಕ್ಕ ಅವತ್ತು ರಾತ್ರಿ, "ನಮ್ಮ ಕಡೆಯಿಂದಾನೇ ಬಂದಿರೋದು ಅಲ್ವೇನೋ, ನಿನ್ನ ತಲೆ ನೋಡು, ಅಪ್ಪಂದು ನೋಡು" ಅಂತ ಕಣ್ಣೀರು ಹಾಕಿದಳು. ತಾಯಿ ಕಡೆಯಿಂದ ಬರುವುದು ಅನ್ನುವ ಮಾತಲ್ಲಿ ಸ್ವಲ್ಪ ನಿಜ ಇದೆ. ಜೀವಕೋಶದಲ್ಲಿ ಹಾರ್ಮೋನು ಬಂದು ಕೂತುಕೊಳ್ಳುವ ಜಾಗದ (ರಿಸೆಪ್ಟರ್) ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅದು ಗಂಡುಮಗನಿಗೆ ತಾಯಿಯಿಂದಲೇ ಬರಬೇಕು. ಆದರೆ ಇದರ ಹಿಂದೆ ಎಷ್ಟೋ ಜೀನುಗಳಿವೆ, ಅಪ್ಪನ ಕಡೆಯಿಂದಲೂ ಬರುತ್ತವೆ. ಭಾವನ ನೆತ್ತಿಯೂ ಖಾಲಿಯೇ. ಅಕ್ಕನ ತಪ್ಪು ಅಂತ ಇದರಲ್ಲಿ ಏನೂ ಇಲ್ಲ.

ಹೆದರಿಕೆಯ ತಿಂಗಳುಗಳು

ಅವನು ಮಿನಾಕ್ಸಿಡಿಲ್ ಬಾಟಲಿ ಮಾತ್ರ ತಗೊಂಡ. ಮಾತ್ರೆ ಬೇಡ ಅಂದ. ಯಾಕೆ ಅಂತ ಆಗ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡಕ್ಕೆ ಬಂದ ಮಾತ್ರೆ. ನುಂಗಿದವರಿಗೆ ಮೈ, ಮುಖದಲ್ಲೆಲ್ಲ ಕೂದಲು ಬರತೊಡಗಿದ್ದನ್ನು ನೋಡಿ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಣಗಿದ ತಲೆಗೆ, ಬೆಳಿಗ್ಗೆ 1 ಎಂಎಲ್, ರಾತ್ರಿ 1 ಎಂಎಲ್. 60 ಎಂಎಲ್ ಬಾಟಲಿ ಒಂದು ತಿಂಗಳಿಗೆ ಸರಿಹೋಗುತ್ತದೆ. ಅವನು ಮೊದಲ ವಾರ ಸ್ನಾನ ಆದ ಕೂಡಲೇ ಒದ್ದೆ ತಲೆಗೆ, ಅದೂ ಕೂದಲಿನ ಮೇಲೆ ಎಣ್ಣೆ ಥರ ಹಚ್ಚುತ್ತಿದ್ದ. ಔಷಧಿ ಚರ್ಮಕ್ಕೆ ತಾಗಬೇಕು ಕಣೋ ಅಂತ ಬೈತಲೆ ತೆಗೆದು ತೋರಿಸಿಕೊಟ್ಟೆ. ಮನೆಯಲ್ಲಿ ಅಕ್ಕನ ಬೆಕ್ಕು ಅವನ ದಿಂಬಿನ ಮೇಲೇ ಮಲಗುತ್ತೆ. ಬೆಕ್ಕಿಗೆ ಮಿನಾಕ್ಸಿಡಿಲ್ ವಿಷ, ಸ್ವಲ್ಪ ನೆಕ್ಕಿದರೂ ಪ್ರಾಣಕ್ಕೆ ಅಪಾಯ. ಊರಿಗೆ ಬಂದಾಗ ಕೋಣೆ ಬಾಗಿಲು ಹಾಕಿ ಮಲಗು, ದಿಂಬಿನ ಕವರ್ ಬೇರೆ ಇಟ್ಟುಕೋ ಅಂದೆ.

ನಾಲ್ಕನೇ ವಾರ ರಾತ್ರಿ ಹನ್ನೊಂದಕ್ಕೆ ಫೋನು. ಬಚ್ಚಲ ಜಾಲರಿ ಮೇಲೆ ಕೂದಲಿನ ಉಂಡೆ, ಅದರ ಫೋಟೋ. "ಇದರಿಂದ ಇನ್ನೂ ಜಾಸ್ತಿ ಆಯ್ತು ಮಾಮ, ನಿಲ್ಲಿಸ್ತೀನಿ." ಮೊದಲ ಎಂಟು ವಾರದೊಳಗೆ ಹೀಗೆ ಉದುರುವುದು ಉಂಟು. ಹೋಗಲು ಸಿದ್ಧವಾಗಿದ್ದ ಹಳೇ ಎಳೆಯನ್ನು ಕೆಳಗಿನ ಹೊಸ ಎಳೆ ತಳ್ಳುತ್ತದೆ. ಡಾಕ್ಟರು ಇದನ್ನು ಮೊದಲೇ ಹೇಳಿದ್ದರು, ಆದರೆ ಚೇಂಬರಿನಲ್ಲಿ ಕೇಳುವುದೇ ಬೇರೆ, ನಡುರಾತ್ರಿ ಬಚ್ಚಲಲ್ಲಿ ನೋಡುವುದೇ ಬೇರೆ. ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ ಒಂದು ಬಾಟಲಿಗೇ ಬಿಡುವುದು ಈ ಹಂತದಲ್ಲೇ. ಅವನಿಗೆ ಮೇ ತಿಂಗಳವರೆಗೆ ತಾಳಿಕೋ ಅಂದೆ. ತಾಳಿಕೊಂಡ.

ಫೆಬ್ರುವರಿಯಲ್ಲಿ ಒಂದು ಘಟನೆ ಆಯಿತು. ನನ್ನ ಅಂಗಡಿಯ ಮಾಮೂಲಿ ಗಿರಾಕಿ ಒಬ್ಬರು, 31 ವರ್ಷದವರು, ಇವನು ಅಲ್ಲಿದ್ದಾಗಲೇ ಬಂದರು. 23ನೇ ವಯಸ್ಸಿಗೆ ಕಸಿ ಮಾಡಿಸಿಕೊಂಡವರು. ಮುಂದೆ ಒಂದು ಸಾಲು ದಟ್ಟ ಕೂದಲು, ಅದರ ಹಿಂದೆ ಖಾಲಿ ಬಯಲು, ಆಮೇಲೆ ಹಿಂದಿನ ಕೂದಲು. ನೆಟ್ಟಿದ್ದು ಉಳಿದಿತ್ತು, ಸುತ್ತಲಿನದು ಹೋಗಿತ್ತು. ಔಷಧಿ ಯಾವುದೂ ಬೇಡ, ಕಸಿ ಆದ ಮೇಲೆ ಜೀವನಪೂರ್ತಿ ಚಿಂತೆ ಇಲ್ಲ ಅಂತ ಹೇಳಿದ್ದರಂತೆ. ಈಗ ಮತ್ತೆ ನೆಡೋಣ ಅಂದರೆ ಹಿಂದೆ ಕೊಡಲು ಉಳಿದಿದ್ದು ಬಹಳ ಕಮ್ಮಿ. ಅವರು ತಾವಾಗಿಯೇ ತಲೆ ಬಗ್ಗಿಸಿ ಇವನಿಗೆ ತೋರಿಸಿದರು. ಅದಕ್ಕೆ ಎಂಥ ಮನಸ್ಸು ಬೇಕು ನೋಡಿ.

ನಾನು ಇವನಿಗೆ ಭತ್ತದ ನಾಟಿ ಲೆಕ್ಕದಲ್ಲಿ ಹೇಳಿದೆ. ಹಿಂದಲೆ ಅನ್ನುವುದು ಸಸಿಮಡಿ. ಅಲ್ಲಿಂದ ಕಿತ್ತು ಗದ್ದೆಗೆ ನೆಡಬಹುದು, ನೆಟ್ಟಲ್ಲಿ ಬೇರು ಬಿಡುತ್ತದೆ. ಕಿತ್ತ ಜಾಗದಲ್ಲಿ ಮಾತ್ರ ಮತ್ತೆ ಸಸಿ ಹುಟ್ಟುವುದಿಲ್ಲ. ಹಿಂದಿನ ಕೂದಲು ಎಲ್ಲಿ ನೆಟ್ಟರೂ ತನ್ನ ಗುಣ ಉಳಿಸಿಕೊಳ್ಳುತ್ತದೆ ಅನ್ನುವುದನ್ನು ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಓರೆಂಟ್‌ರೈಖ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಇವತ್ತಿನ ಕಸಿಯೆಲ್ಲ ನಿಂತಿರುವುದು ಅದರ ಮೇಲೆ. ಆದರೆ ನಾಟಿ ಮಾಡಿದ ಮಾತ್ರಕ್ಕೆ ಪಕ್ಕದ ಹಳೇ ಪೈರು ಒಣಗುವುದು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಔಷಧಿ. 26ಕ್ಕೆ ಸಸಿಮಡಿ ಖಾಲಿ ಮಾಡಿಕೊಂಡರೆ 40ಕ್ಕೆ ಏನು ಮಾಡುತ್ತೀಯ?

ಅವತ್ತು ಷಟರ್ ಎಳೆದ ಮೇಲೆ ಅವನು ಮಾತ್ರೆಯ ವಿಷಯ ತೆಗೆದ. ನನ್ನ ಮುಖ ನೋಡದೆ, ಕೌಂಟರ್ ಗಾಜಿನ ಮೇಲೆ ಬೆರಳಲ್ಲಿ ಗೀರುತ್ತಾ ಹೇಳಿದ. "ಅದು ತಗೊಂಡ್ರೆ ಗಂಡಸ್ತನ ಹೋಗುತ್ತೆ ಅಂತಾರೆ ಮಾಮ. ನಾಳೆ ಮದುವೆ ಆಗೋನು ನಾನು." ಸೋದರಮಾವನ ಹತ್ತಿರ ಇಷ್ಟು ಹೇಳಲು ಅವನಿಗೆ ಮೂರು ತಿಂಗಳು ಬೇಕಾಯಿತು.

ಗೊತ್ತಿರುವುದನ್ನು ಮುಚ್ಚಿಡದೆ ಹೇಳಿದೆ. ಫಿನಾಸ್ಟರೈಡ್ ಮೊದಲು 1992ರಲ್ಲಿ 5 ಎಂಜಿಯಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಬಂತು, 1997ರಲ್ಲಿ 1 ಎಂಜಿಯಲ್ಲಿ ಕೂದಲಿಗೆ. ಟೆಸ್ಟೋಸ್ಟೆರಾನ್ ಡಿಎಚ್‌ಟಿ ಆಗುವುದನ್ನು ತಡೆಯುತ್ತದೆ, ಟೆಸ್ಟೋಸ್ಟೆರಾನನ್ನೇ ಇಳಿಸುವುದಿಲ್ಲ. ರಕ್ತದ ಡಿಎಚ್‌ಟಿ 100ಕ್ಕೆ ಸುಮಾರು 70 ಭಾಗ ಇಳಿಯುತ್ತದೆ. ಒಪ್ಪಿಗೆಗೆ ಮುಂಚಿನ ಪರೀಕ್ಷೆಗಳಲ್ಲಿ ಲೈಂಗಿಕ ತೊಂದರೆ ಹೇಳಿದವರು 100ಕ್ಕೆ ಸುಮಾರು 4 ಜನ. ಔಷಧಿ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ 100ಕ್ಕೆ ಸುಮಾರು 2 ಜನ ಅದೇ ತೊಂದರೆ ಹೇಳಿದ್ದರು. ಆಸೆ ಕಮ್ಮಿ ಆಗುವುದು, ನಿಮಿರುವಿಕೆ ಸರಿ ಇಲ್ಲದಿರುವುದು, ವೀರ್ಯದ ಪ್ರಮಾಣ ಇಳಿಯುವುದು. ಹೆಚ್ಚಿನವರಿಗೆ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಅಂದವರಿದ್ದಾರೆ, ಅದನ್ನು ಔಷಧಿ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಮುದ್ರಿಸಿದ್ದಾರೆ. ಮನಸ್ಸು ಕುಗ್ಗುವುದೂ ಅಲ್ಲಿದೆ. ಆಮೇಲೆ 2025ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ, ಆತ್ಮಹತ್ಯೆಯ ಯೋಚನೆ ಬರುವುದೂ ಈ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಒಂದು ಅಂತ ದೃಢಪಡಿಸಿತು. ಆ ಸುದ್ದಿ ಬಂದ ದಿನವೇ ಅವನಿಗೆ ಓದಿ ಹೇಳಿದ್ದೇನೆ. ಯಾರಿಗಾದರೂ ಮೊದಲೇ ಖಿನ್ನತೆ ಇದ್ದರೆ ಅದನ್ನು ಡಾಕ್ಟರಿಗೆ ಹೇಳದೆ ಈ ಮಾತ್ರೆ ಮುಟ್ಟಬಾರದು. ನಾನಂತೂ ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಕೊಡುವುದಿಲ್ಲ.

ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಮಾತಾಡಿಕೊಂಡು ಬಂದ. 2023ರ ಮಾರ್ಚಿನಲ್ಲಿ ಶುರು ಮಾಡಿದ. ಮೊದಲ ಮೂರು ವಾರ ದಿನಾ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದನಂತೆ, ನಿದ್ದೆ ಸರಿ ಇರಲಿಲ್ಲ. ಡಾಕ್ಟರು ವಾರಕ್ಕೊಮ್ಮೆ ಮಾತ್ರ ನಾಲ್ಕು ಸಾಲು ಬರೆದಿಡಿ, ದಿನಾ ಬೇಡ ಅಂದರು. ಅದರಿಂದ ಹಗುರವಾಯಿತು. ತೊಂದರೆ ಆಗಲಿಲ್ಲ. ಆಗಿದ್ದರೆ ನಿಲ್ಲಿಸುತ್ತಿದ್ದೆವು, ಕೂದಲಿಗಿಂತ ಹುಡುಗ ದೊಡ್ಡವನು.

ಇಲ್ಲೇ ಇನ್ನೊಂದು ಮಾತು, 50 ದಾಟಿದವರಿಗೆ. ಈ ಮಾತ್ರೆ ತಗೊಳ್ಳುತ್ತಿದ್ದರೆ ಪ್ರಾಸ್ಟೇಟ್ ಪರೀಕ್ಷೆಯ ಪಿಎಸ್ಎ ಅಂಕಿ ಸುಮಾರು ಅರ್ಧಕ್ಕೆ ಇಳಿದು ತೋರಿಸುತ್ತದೆ. ಆರೋಗ್ಯ ಶಿಬಿರದಲ್ಲಿ ಪರೀಕ್ಷೆಗೆ ರಕ್ತ ಕೊಡುವಾಗ ಈ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ದಯವಿಟ್ಟು ಹೇಳಿ.

ಅಡ್ವಾನ್ಸ್ 10 ಸಾವಿರ ವಾಪಸ್ ಬರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದೆ, ಅವನು ಒಪ್ಪಲಿಲ್ಲ. ತಲೆ ವಿಷಯ ಅಲ್ಲಿ ನಾಲ್ಕು ಜನರ ಮುಂದೆ ಹೇಳಬೇಕಲ್ಲ ಅಂತ.

ಕಸಿ ಆದ ದಿನ

ಪ್ರತಿ ತಿಂಗಳ ಒಂದನೇ ತಾರೀಕು ನಮ್ಮ ಮನೆ ಕಿಟಕಿ ಪಕ್ಕ, ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೋ. ಕನ್ನಡಿ ಸುಳ್ಳು ಹೇಳುತ್ತದೆ, ನಮ್ಮ ಮನಸ್ಸಿನ ಹಾಗೆ ಕಾಣುತ್ತದೆ. ಜೂನ್ ಹೊತ್ತಿಗೆ ಡೆಂಗೆಯ ಉದುರುವಿಕೆ ಪೂರ್ತಿ ನಿಂತಿತ್ತು, ಪಕ್ಕಗಳು ತುಂಬಿದ್ದವು. 2024ರ ಜನವರಿಗೆ ಸುಳಿ ಹತ್ತಿರದ ಖಾಲಿ ಬಹುಪಾಲು ಮುಚ್ಚಿತ್ತು. ಹಣೆಯ ಎರಡು ಮೂಲೆ ಹಾಗೇ ಇತ್ತು. ಔಷಧಿ ಇರುವ ಬೇರನ್ನು ದಪ್ಪ ಮಾಡೀತು, ಸತ್ತ ಬೇರನ್ನು ಬದುಕಿಸುವುದಿಲ್ಲ.

ಈಗ ಯೋಚನೆ ಮಾಡಬಹುದು ಅಂದರು ನಮ್ಮ ಡಾಕ್ಟರು. ಈ ಸಲ ಬೆಂಗಳೂರಿನಲ್ಲಿ ಒಬ್ಬ ಚರ್ಮರೋಗ ತಜ್ಞರು, ಸ್ವತಃ ಕಸಿ ಮಾಡುವವರು. ಹೋಗುವ ಮುಂಚೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ನೋಡಿಕೊಂಡೆವು. ಕೆಪಿಎಂಇ ಪ್ರಮಾಣಪತ್ರ ರಿಸೆಪ್ಷನ್ ಗೋಡೆ ಮೇಲೇ ಇತ್ತು. ಅವರು ಮೊದಲು ನೋಡಿದ್ದು ಹಣೆಯನ್ನಲ್ಲ, ಹಿಂದಲೆಯನ್ನು. ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಬುಡ ಇವೆ ಅಂತ ಲೆನ್ಸಿನಲ್ಲಿ ಎಣಿಸಿದರು. ಅವನು ಆ ಹಳೇ ಫೋಟೋದ ನೇರ ಗೆರೆ ತೋರಿಸಿದ. ಅವರು ಅದಕ್ಕಿಂತ ಒಂದೂವರೆ ಬೆರಳು ಮೇಲೆ, ಮೂಲೆಗಳನ್ನು ಸ್ವಲ್ಪ ಒಳಗೇ ಬಿಟ್ಟು ಗೆರೆ ಹಾಕಿದರು. "ನಿಮಗೆ 45 ಆದಾಗಲೂ ಈ ಗೆರೆ ಮುಖಕ್ಕೆ ಒಪ್ಪಬೇಕು." ಅವನಿಗೆ ಬೇಜಾರಾಯಿತು. ನನಗೆ ಅಲ್ಲೇ ನಂಬಿಕೆ ಬಂತು. 3000 ಬೇಡ, 1850 ಸಾಕು ಅಂದರು.

ಗ್ರಾಫ್ಟ್ ಅಂದರೆ ಒಂದು ಕೂದಲಲ್ಲ. ಒಂದು ಬುಡದಲ್ಲಿ ಒಂದರಿಂದ ನಾಲ್ಕು ಎಳೆ ಇರುತ್ತವೆ. ಎರಡೆಳೆ ಬುಡವನ್ನು ಸೀಳಿ ಎರಡು ಗ್ರಾಫ್ಟ್ ಅಂತ ಲೆಕ್ಕ ತೋರಿಸಿದರೆ ನಮಗೆ ಹೇಗೆ ಗೊತ್ತಾಗಬೇಕು? ಇವರು ಕೊನೆಯಲ್ಲಿ ಕೊಟ್ಟ ಹಾಳೆಯಲ್ಲಿ ಒಂದೆಳೆಯವು 420, ಎರಡೆಳೆಯವು 960, ಮೂರೆಳೆಯವು 470 ಅಂತ ಬರೆದಿತ್ತು. ಕೂಡಿ ನೋಡಿ, 3750 ಕೂದಲಾಗುತ್ತದೆ. ಒಂದು ಗ್ರಾಫ್ಟಿಗೆ 60 ರೂಪಾಯಿಯಂತೆ 1 ಲಕ್ಷ 11 ಸಾವಿರ. ಆರೋಗ್ಯ ವಿಮೆ ಇದಕ್ಕೆ ಬರುವುದಿಲ್ಲ. ಅಡ್ವಾನ್ಸ್ ಕಟ್ಟಿ ಓಡಿ ಬಂದ ಹುಡುಗ ಈ ಸಲ ಹದಿನಾಲ್ಕು ತಿಂಗಳು ಕೂಡಿಟ್ಟು ಕಟ್ಟಿದ.

ಫೆಬ್ರುವರಿ 2024. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದರು. ತಲೆ ಪೂರ್ತಿ ಬೋಳಿಸಿದರು. ಅವನ ಪ್ರಕಾರ ನೋವು ಅಂದರೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗಿನ ಆ ಕೆಲವು ನಿಮಿಷ, ಹಣೆ ಸುತ್ತ ಮತ್ತು ಹಿಂದೆ. ಕಣ್ಣಲ್ಲಿ ನೀರು ಬಂತಂತೆ. ಆಮೇಲೆ ಬೋರಲು ಮಲಗಿಸಿ ಒಂದು ಮಿಲಿಮೀಟರಿಗಿಂತ ಸಣ್ಣ ಕೊಳವೆಯಂಥ ಪಂಚಿನಿಂದ ಒಂದೊಂದೇ ಬುಡ ಬಿಡಿಸುವುದು. ಇದಕ್ಕೇ ಎಫ್‌ಯುಇ ಅನ್ನುತ್ತಾರೆ. ಮಧ್ಯಾಹ್ನ ಮೊಸರನ್ನಕ್ಕೆ ಬಿಟ್ಟಾಗ, ಔಷಧಿ ಅಂಗಡಿಯವರು ಅಂತ ಗೊತ್ತಿದ್ದರಿಂದ ಡಾಕ್ಟರು ನನಗೊಂದು ತಟ್ಟೆ ತೋರಿಸಿದರು. ತಣ್ಣನೆಯ ಸಲೈನಿನಲ್ಲಿ ಬಿಳಿ ಗಾಜ್ ಬಟ್ಟೆ, ಅದರ ಮೇಲೆ ಹತ್ತತ್ತರ ಸಾಲು. ಪ್ರತಿಯೊಂದಕ್ಕೂ ಮೇಲೆ ಕರಿ ಚುಕ್ಕೆಯಂಥ ಕೂದಲು, ಕೆಳಗೆ ಮೊಳಕೆ ಬಂದ ರಾಗಿಯ ಹಾಗೆ ಬೆಳ್ಳನೆ ಬುಡ. ಒಣಗಿದರೆ ಸತ್ತುಹೋಗುತ್ತದೆ, ಹಿಂಡಿದರೂ ಸತ್ತುಹೋಗುತ್ತದೆ. ಒಂದೇ ದಿನ ನಾಲ್ಕು ಜನರನ್ನು ಸಾಲಾಗಿ ಮಲಗಿಸಿ ಮಾಡುವ ಜಾಗದಲ್ಲಿ ಇಷ್ಟು ನಾಜೂಕು ಇರಲು ಸಾಧ್ಯವಾ ಅಂತ ಅನ್ನಿಸಿತು. ಸಂಜೆ ನಾಲ್ಕಕ್ಕೆ ಮುಗಿಯಿತು.

ಮೊದಲ ರಾತ್ರಿಗಳು ಒರಗು ಕುರ್ಚಿಯಲ್ಲೇ ನಿದ್ದೆ. ಗಂಟೆಗೊಮ್ಮೆ ಸಲೈನ್ ಸಿಂಪಡಿಸಬೇಕು. ಮೂರನೇ ದಿನ ಹಣೆ ಊದಿತು, ನಾಲ್ಕನೇ ದಿನ ಊತ ಕಣ್ಣಿಗೆ ಇಳಿದು ಒಂದು ಕಣ್ಣು ಅರ್ಧ ಮುಚ್ಚಿತು. ಅಕ್ಕ ನೋಡಿ ಗಾಬರಿಯಾದಳು. ಮೊದಲೇ ಹೇಳಿದ್ದರಿಂದ ನಾವು ಗಟ್ಟಿಯಾಗಿದ್ದೆವು, ಎರಡು ದಿನಕ್ಕೆ ಇಳಿಯಿತು. ಹತ್ತು ದಿನಕ್ಕೆ ಹಕ್ಕಳೆ ಉದುರಿತು. ಹದಿನೆಂಟನೇ ದಿನದಿಂದ ನೆಟ್ಟ ಕೂದಲೇ ಉದುರಲು ಶುರುವಾಯಿತು. ಹೊರಗಿನ ಎಳೆ ಉದುರುತ್ತದೆ, ಬೇರು ಒಳಗೇ ಮಲಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಏಳುತ್ತದೆ. ಗೊತ್ತಿದ್ದೂ ಅವನು ಒಂದು ಟಿಶ್ಯೂ ಕಾಗದದಲ್ಲಿ ಅವನ್ನೆಲ್ಲ ಕೂಡಿಟ್ಟಿದ್ದ. 1 ಲಕ್ಷ 11 ಸಾವಿರ ಈ ಕಾಗದದಲ್ಲಿದೆ ಮಾಮ ಅಂತ ಅದನ್ನು ನನ್ನ ಕೈಗಿಟ್ಟಾಗ ನಾನು ಏನೂ ಹೇಳಲಿಲ್ಲ, ಬೆನ್ನು ಸವರಿದೆ. ಜೂನ್ ಕೊನೆಗೆ ಮೂಲೆಗಳಲ್ಲಿ ಸಣ್ಣಗೆ, ಸುರುಳಿ ಸುರುಳಿಯಾಗಿ ಎಳೆ ಕಂಡವು. ದಪ್ಪ ಬರಲು ವರ್ಷ ಬೇಕಾಯಿತು.

ಮುಡಿ ಮತ್ತು ಮದುವೆ

ಡೆಂಗೆ ಆದಾಗ ಅಕ್ಕ ತಿರುಪತಿಗೆ ಮುಡಿ ಹರಕೆ ಹೊತ್ತಿದ್ದಳು. ಈಗ ತೀರಿಸುವುದು ಹೇಗೆ? ಬೋಳಿಸಿದರೆ ನೆಟ್ಟಿದ್ದು ಹೋಗುತ್ತಾ? ಈ ಪ್ರಶ್ನೆ ನನಗೆ ಇನ್ನೂ ಮೂರ್ನಾಲ್ಕು ಜನ ಕೇಳಿದ್ದಾರೆ. ಡಾಕ್ಟರು ನಕ್ಕು, ಬೇರು ಚರ್ಮದ ಕೆಳಗಿದೆ, ಈಗ ಹತ್ತು ತಿಂಗಳಾಗಿದೆ, ಧೈರ್ಯವಾಗಿ ಕೊಡಿ ಅಂದರು. ಡಿಸೆಂಬರಿನಲ್ಲಿ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟ. ಬೋಳುತಲೆಯಲ್ಲಿ ಹಿಂದೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಕಂಡವು, ಸಾಸಿವೆಗಿಂತ ಸಣ್ಣವು. ಗುರುತೇ ಉಳಿಯಲ್ಲ ಅನ್ನುವ ಜಾಹೀರಾತು ನಿಜವಲ್ಲ. ಕೂದಲು ಬಂದರೆ ಮುಚ್ಚಿಹೋಗುತ್ತದೆ. ಕೂದಲು ಮೊದಲಿನ ಹಾಗೇ ಬಂತು. ಬೋಳಿಸಿದರೆ ದಟ್ಟ ಬರುತ್ತೆ ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ.

2025ರ ಫೆಬ್ರುವರಿಯಲ್ಲಿ ಹೆಣ್ಣು ನೋಡಿ ಬಂದೆವು. ಹುಡುಗಿಗೆ ಹೇಳೋದು ಬೇಡ ಅಂತ ಭಾವ, ಹೇಳಲೇಬೇಕು ಅಂತ ಅಕ್ಕ. ಅವನು ಇಬ್ಬರನ್ನೂ ಕೇಳದೆ ನಿಶ್ಚಿತಾರ್ಥಕ್ಕೆ ಮುಂಚೆ ತಾನೇ ಫೋನಿನಲ್ಲಿ ಹೇಳಿದ. ಕಸಿ ಆಗಿದ್ದು, ದಿನಾ ಹಚ್ಚುವ ಔಷಧಿ, ಮಾತ್ರೆ, ಎಲ್ಲಾ. ಆ ಹುಡುಗಿ ಕೂದಲಿನ ಬಗ್ಗೆ ಏನೂ ಕೇಳಲಿಲ್ಲವಂತೆ. "ಆ ಮಾತ್ರೆಯಿಂದ ನಿಮಗೇನೂ ತೊಂದ್ರೆ ಇಲ್ವಾ?" ಅಂತ ಕೇಳಿದಳಂತೆ.

ಮೇ ತಿಂಗಳಲ್ಲಿ ಮದುವೆ. ಪೇಟ ತೆಗೆದಾಗಲೂ ಫೋಟೋಗೆ ನಿಂತ.

ಜುಲೈನಲ್ಲಿ ಇಬ್ಬರೂ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಅವಳು ಕೂತಳು, ಅವನು ನಿಂತಿದ್ದ. ಔಷಧಿ ನಿಲ್ಲಿಸಿದರೆ ಏನಾಗುತ್ತೆ ಅಂತ ಕೇಳಿದಳು. ಔಷಧಿ ಉಳಿಸಿಕೊಟ್ಟ ಕೂದಲು ಕೆಲವು ತಿಂಗಳಲ್ಲಿ ಮತ್ತೆ ಹೋಗುತ್ತದೆ, ನೆಟ್ಟಿದ್ದು ಇರುತ್ತದೆ ಅಂದೆ. ಮಾತ್ರೆ ಮುರಿದಿದ್ದರೆ, ಪುಡಿಯಾಗಿದ್ದರೆ ನೀನು ಮುಟ್ಟಬೇಡಮ್ಮ, ಬಸುರಿ ಆದಾಗಂತೂ ಬೇಡವೇ ಬೇಡ, ಗಂಡು ಮಗುವಿದ್ದರೆ ಅದರ ಬೆಳವಣಿಗೆಗೆ ತೊಂದರೆ ಆಗಬಹುದು ಅಂದೆ. ಮಕ್ಕಳ ಯೋಚನೆ ಮಾಡುವ ಮುಂಚೆ ಇವನು ಮಾತ್ರೆ ಮುಂದುವರಿಸಬೇಕಾ ಅಂತ ಡಾಕ್ಟರನ್ನು ಇಬ್ಬರೂ ಹೋಗಿ ಕೇಳಿ ಅಂದೆ. ಅವಳು ತಲೆ ಆಡಿಸಿ, ಹೊಸ ಬಾಟಲಿಯನ್ನು ಚೀಲದಿಂದ ತೆಗೆದು, ನನ್ನ ಕೌಂಟರಿನ ಪೆನ್ನು ಕೇಳಿ ಪಡೆದು, ಅದರ ಮೇಲೆ ತೆರೆಯುವ ತಾರೀಕು ಬರೆದಳು.